ಭರಣಿ ಮಳೆಗೆ ಈಸಲು, ಸ್ವಾತಿಗೆ ಜಿಗಿಹುಳು

ಮೇ ತಿಂಗಳ ಮೊದಲ ದೊಡ್ಡ ಮಳೆ ನಿಂತು ಅರ್ಧ ಗಂಟೆಯಾಗಿರುವುದಿಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸ್ಯಾಪ್ ಗುಂಪುಗಳು ಎಚ್ಚೆತ್ತುಕೊಳ್ಳುತ್ತವೆ. ಬಾಲ್ಕನಿಯ ದೀಪಕ್ಕೆ ಮುತ್ತಿದ ರೆಕ್ಕೆಹುಳುಗಳ ಫೋಟೊ. ಅದರ ಕೆಳಗೆ ‘ಇದೇನ್ರೀ ಇದು?’ ಎಂಬ ಪ್ರಶ್ನೆ. ‘ಗೆದ್ದಲು! ವಾರ್ಡ್‌ರೋಬ್ ಕತೆ ಮುಗೀತು’ ಎಂಬ ಉತ್ತರ. ರಾತ್ರಿ ಹತ್ತರೊಳಗೆ ಯಾರೋ ಒಬ್ಬರು ಔಷಧಿ ಹೊಡೆಯುವವರ ನಂಬರ್ ಹಾಕಿರುತ್ತಾರೆ. ಬೆಳಿಗ್ಗೆ ಬಾಲ್ಕನಿ ಗುಡಿಸಿದರೆ ಮೊರದ ತುಂಬ ಬರೀ ರೆಕ್ಕೆ. ಔಷಧಿಯವನು ಬರುವುದು ಮಧ್ಯಾಹ್ನ. ಅಷ್ಟು ಹೊತ್ತಿಗೆ ಸಾಯಿಸಲು ಏನೂ ಉಳಿದಿರುವುದಿಲ್ಲ. ಆದರೂ ಹೊಡೆಯುತ್ತಾನೆ, ಬಿಲ್ಲು ಕೊಟ್ಟೇ ಹೋಗುತ್ತಾನೆ.

ಬಯಲುಸೀಮೆಯ ಹಳೆಯ ತಲೆಗಳಿಗೆ ಈ ಹುಳು ಸುದ್ದಿಯೇ ಅಲ್ಲ. ಭರಣಿ ಮಳೆ ಬಿತ್ತು, ಈಸಲು ಎದ್ದಿತು, ಅಷ್ಟೆ. ಮಳೆಗೆ ನಕ್ಷತ್ರದ ಹೆಸರಿಟ್ಟು, ಹದಿಮೂರು–ಹದಿನಾಲ್ಕು ದಿನಕ್ಕೊಂದರಂತೆ ವರ್ಷ ಎಣಿಸುತ್ತಿದ್ದವರಿಗೆ ಯಾವ ಮಳೆಗೆ ಏನು ಬಿತ್ತಬೇಕು ಎಂಬುದು ಗೊತ್ತಿದ್ದಂತೆ ಯಾವ ಮಳೆಗೆ ಏನು ಹಾರುತ್ತದೆ ಎಂಬುದೂ ಗೊತ್ತಿತ್ತು. ಈಗ ಅಂಗಡಿಯ ತುಂಬ ಔಷಧಿಯಿದೆ, ಆ ಲೆಕ್ಕ ಮರೆತುಹೋಗಿದೆ. ಯಾವ ಹುಳು ಯಾವಾಗ ಬರುತ್ತದೆ, ಏನನ್ನು ಹುಡುಕಿಕೊಂಡು ಬರುತ್ತದೆ ಎಂದು ತಿಳಿದವರಿಗೆ ಮುಕ್ಕಾಲುಪಾಲು ಕೆಲಸ ಮಳೆಗೆ ಮುಂಚೆಯೇ ಪೊರಕೆ, ಸಿಮೆಂಟು, ಬಲ್ಬುಗಳಲ್ಲಿ ಮುಗಿಯುತ್ತದೆ. ಮಿಕ್ಕ ಕಾಲುಪಾಲಿಗೆ ಔಷಧಿ ಬೇಕಾದೀತು. ಅದರಲ್ಲೂ ಕೆಲವಕ್ಕೆ ಔಷಧಿಯೇ ಇಲ್ಲ.

ಈಸಲಿನಿಂದಲೇ ಶುರು ಮಾಡೋಣ. ಹುತ್ತದೊಳಗೆ ದುಡಿಯುವ ಗೆದ್ದಲಿಗೆ ರೆಕ್ಕೆಯಿಲ್ಲ, ಕಣ್ಣಿಲ್ಲ, ಬಿಸಿಲು–ಗಾಳಿ ಆಗದು. ಅದೇ ಹುತ್ತದಲ್ಲಿ ವರ್ಷಕ್ಕೊಮ್ಮೆ ಕಣ್ಣೂ ರೆಕ್ಕೆಯೂ ಇರುವ ಗಂಡು–ಹೆಣ್ಣುಗಳು ಬೆಳೆದು ನಿಲ್ಲುತ್ತವೆ. ನಮ್ಮ ಕಡೆ ಹುತ್ತ ಕಟ್ಟುವ ಗೆದ್ದಲುಗಳಲ್ಲಿ ಹೆಚ್ಚಿನವು ಒಡೊಂಟೊಟರ್ಮಿಸ್ ಕುಲದವು. ಇವುಗಳ ರೆಕ್ಕೆಯ ಪೀಳಿಗೆ ಕಾಯುವುದು ಮುಂಗಾರುಪೂರ್ವದ ಮೊದಲ ಒಳ್ಳೆಯ ಮಳೆಗೆ. ನೆಲ ನೆನೆದು ಮೆತ್ತಗಾಗಬೇಕು, ಗಾಳಿಯಲ್ಲಿ ತೇವ ಇರಬೇಕು. ಆಗ ಕೆಲಸಗಾರ ಗೆದ್ದಲುಗಳು ಹುತ್ತದ ಮೈಯಲ್ಲಿ ಸೀಳು ತೆರೆದು ಇವನ್ನು ಹೊರಗೆ ಬಿಡುತ್ತವೆ. ಒಂದೇ ಸೀಮೆಯ ಹುತ್ತಗಳೆಲ್ಲ ಹೆಚ್ಚುಕಡಿಮೆ ಒಂದೇ ಸಂಜೆ ಬಾಯಿ ತೆರೆಯುವುದರಲ್ಲಿ ಲೆಕ್ಕಾಚಾರವಿದೆ. ಒಂದು ಹುತ್ತದ ಹೆಣ್ಣಿಗೆ ಇನ್ನೊಂದು ಹುತ್ತದ ಗಂಡು ಸಿಗಬೇಕು. ಜೊತೆಗೆ ಕಾಗೆ, ಹದ್ದು, ಕಾಜಾಣ, ಹಲ್ಲಿ, ಕಪ್ಪೆಗಳೆಲ್ಲ ಹೊಟ್ಟೆ ಬಿರಿಯೆ ತಿಂದ ಮೇಲೂ ಒಂದಷ್ಟು ಉಳಿಯಬೇಕು.

ಹಾರಾಟ ಬಹಳ ಹೊತ್ತಿನದಲ್ಲ. ನೆಲಕ್ಕಿಳಿದ ಕೂಡಲೇ ರೆಕ್ಕೆಗಳು ಬುಡದಲ್ಲಿರುವ ಗೆರೆಯ ಗುಂಟ ತಟ್ಟನೆ ಕಳಚುತ್ತವೆ. ಮೊರದ ತುಂಬ ಸಿಗುವುದು ಇವೇ. ಹೆಣ್ಣು ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ, ಮುಂದೆ ಹೆಣ್ಣು ಹಿಂದೆ ಗಂಡು ಎಂದು ಜೋಡಿ ಓಡತೊಡಗುತ್ತದೆ, ಒದ್ದೆ ಮಣ್ಣು ಸಿಕ್ಕಲ್ಲಿ ಬಗೆದು ಒಳಗೆ ಸೇರಿ ಬಾಯಿ ಮುಚ್ಚಿಕೊಳ್ಳುತ್ತದೆ. ಹೊಸ ಹುತ್ತಕ್ಕೆ ರಾಜ–ರಾಣಿ ಅವರೇ. ಸಾವಿರಾರು ಜೋಡಿಗಳಲ್ಲಿ ಬದುಕಿ ಸಂಸಾರ ಕಟ್ಟುವುದು ಬೆರಳೆಣಿಕೆಯಷ್ಟು. ನಮ್ಮ ಹಾಲಿನ ವಿಟ್ರಿಫೈಡ್ ಟೈಲ್ಸ್ ಮೇಲೆ ಬಿದ್ದ ಜೋಡಿಗಂತೂ ಆ ಅವಕಾಶವೂ ಇಲ್ಲ. ಬಗೆಯಲು ಮಣ್ಣಿಲ್ಲ, ತೇವವಿಲ್ಲ. ಬೆಳಗಾಗುವಷ್ಟರಲ್ಲಿ ಒಣಗಿ ಸಾಯುತ್ತವೆ, ಇಲ್ಲವೇ ಇರುವೆಗಳ ಪಾಲಾಗುತ್ತವೆ. ವಾರ್ಡ್‌ರೋಬನ್ನು ತಿನ್ನುವ ಯೋಚನೆ ಅವಕ್ಕೆ ಬಂದಿರುವುದೇ ಇಲ್ಲ. ಹಾರುವ ಈಸಲು ಮರ ತಿನ್ನುವುದಿಲ್ಲ. ಹುತ್ತದಿಂದ ಹೊತ್ತು ತಂದ ಕೊಬ್ಬಿನ ಮೇಲೆ ಬದುಕುತ್ತದೆ. ಆ ಕೊಬ್ಬಿಗಾಗಿಯೇ ಬಯಲುಸೀಮೆಯ ಕೆಲವು ಊರುಗಳಲ್ಲಿ ಅದನ್ನು ಹಿಡಿದು, ರೆಕ್ಕೆ ತೂರಿ, ಹುರಿದು ತಿನ್ನುವ ರೂಢಿ ಇದೆ. ತಿಂದವರು ಅದರ ಕಮ್ಮಗಿನ ರುಚಿಯನ್ನು ಹೊಗಳುತ್ತಾರೆ, ತಿನ್ನದವರು ಮುಖ ಸಿಂಡರಿಸುತ್ತಾರೆ. ಅದೇ ಹುತ್ತದ ಮೇಲೆ ಮಳೆಗಾಲದಲ್ಲಿ ಏಳುವ ಅಣಬೆಗೆ ಮಾತ್ರ ಇಬ್ಬರೂ ಒಟ್ಟಿಗೆ ಹೊರಡುತ್ತಾರೆ.

ಹಾಗಾದರೆ ದೀಪಕ್ಕೇಕೆ ಮುತ್ತುತ್ತವೆ? ಬೆಳಕನ್ನು ಚಂದ್ರನೆಂದು ಭ್ರಮಿಸುತ್ತವೆ, ಬೆಳಕೆಂದರೆ ಅವಕ್ಕೆ ಮೋಹ ಎಂದೆಲ್ಲ ಬಹಳ ಕಾಲ ಹೇಳುತ್ತ ಬಂದರು. ಪತಂಗ–ದೀಪಗಳ ಪ್ರೇಮದ ಮೇಲೆ ನಮ್ಮ ಕವಿಗಳು ಖರ್ಚು ಮಾಡಿರುವ ಶಾಯಿಯೂ ಕಡಿಮೆಯಲ್ಲ. 2024ರ ಜನವರಿಯಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಈ ಪ್ರೇಮಕಥೆಗೆ ನೀರು ಸುರಿಯಿತು. ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತಿತರರು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದಾಗ ಕಂಡದ್ದು ಇಷ್ಟು: ಹುಳುಗಳು ದೀಪದತ್ತ ನೇರವಾಗಿ ಹಾರುತ್ತಿರಲಿಲ್ಲ, ಬೆನ್ನನ್ನು ದೀಪದ ಕಡೆ ತಿರುಗಿಸುತ್ತಿದ್ದವು. ರಾತ್ರಿಯಲ್ಲೂ ಆಕಾಶ ನೆಲಕ್ಕಿಂತ ಬೆಳ್ಳಗಿರುತ್ತದೆ. ಬೆಳಕಿದ್ದ ಕಡೆ ಬೆನ್ನು ಮಾಡಿದರೆ ಮೇಲೆ ಯಾವುದು ಕೆಳಗೆ ಯಾವುದು ಎಂದು ಹುಳುವಿಗೆ ತಿಳಿಯುತ್ತದೆ. ಪಕ್ಕದಲ್ಲೊಂದು ಟ್ಯೂಬ್‌ಲೈಟ್ ಬಂದರೆ ಅದೇ ಆಕಾಶವಾಗುತ್ತದೆ. ಹುಳು ಓರೆಯಾಗಿ ತಿರುಗುತ್ತ, ಸುತ್ತುತ್ತ, ಕೆಲವೊಮ್ಮೆ ಮಗುಚಿ ಬೀಳುತ್ತ ಅಲ್ಲೇ ಸಿಕ್ಕಿಬೀಳುತ್ತದೆ. ನಮ್ಮ ಮನೆಗೆ ಬರಬೇಕೆಂದು ಅದು ಹೊರಟದ್ದೇ ಅಲ್ಲ. ದಾರಿಯಲ್ಲಿ ನಾವು ದೀಪ ಹಚ್ಚಿಟ್ಟಿದ್ದೆವು.

ಅಜ್ಜಿಯರು ಮಾಡುತ್ತಿದ್ದ ಉಪಾಯ ಇದಕ್ಕೆ ಸರಿಯಾಗಿ ಹೊಂದುತ್ತದೆ. ಈಸಲು ಎದ್ದ ಸಂಜೆ ಮನೆಯ ದೀಪಗಳನ್ನೆಲ್ಲ ಆರಿಸುವುದು, ಅಂಗಳದಲ್ಲಿ ಒಂದೇ ಬುಡ್ಡಿಯನ್ನೋ ಬಲ್ಬನ್ನೋ ಹಚ್ಚಿ ಅದರ ಕೆಳಗೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡುವುದು. ಬಿದ್ದವು ನೀರಿಗೆ ಬಿದ್ದವು, ಬೆಳಿಗ್ಗೆ ಕೋಳಿಗೆ ಹಬ್ಬ. ನಗರದವರಿಗೆ ಕೋಳಿಯಿಲ್ಲ, ಇಷ್ಟು ಹೊತ್ತು ದೀಪ ಆರಿಸಿ ಮೊಬೈಲಿನ ಬೆಳಕಿನಲ್ಲೇ ಇರುವ ತಾಳ್ಮೆಯೂ ಇಲ್ಲ. ಅವರು ಬಲ್ಬಿನ ಬಣ್ಣವನ್ನಾದರೂ ಬದಲಿಸಬಹುದು. ಹುಳುಗಳ ಕಣ್ಣಿಗೆ ಹೆಚ್ಚು ತಾಗುವುದು ನೇರಳಾತೀತ ಮತ್ತು ನೀಲಿ ಬೆಳಕು. ಬಾಲ್ಕನಿ, ಗೇಟು, ಮೆಟ್ಟಿಲ ಬಳಿಯ ತಂಪು ಬಿಳಿ ದೀಪ ತೆಗೆದು ಹಳದಿ ಛಾಯೆಯ ಎಲ್‌ಇಡಿ ಹಾಕಿದರೆ ಬರುವ ಹುಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಟ್ಯೂಬ್‌ಲೈಟಿಗೆ ಬೇವಿನ ಸೊಪ್ಪು ಕಟ್ಟುವ ಪದ್ಧತಿಯ ಬಗ್ಗೆ ನನಗೆ ಅಷ್ಟೇನೂ ಭರವಸೆಯಿಲ್ಲ. ಸೊಪ್ಪು ಬೆಳಕನ್ನು ಸ್ವಲ್ಪ ಮರೆ ಮಾಡುತ್ತದೆ, ಹುಳುಗಳಿಗೆ ಕೂರಲು ಜಾಗ ಕೊಡುತ್ತದೆ. ಓಡಿಸುತ್ತದೆ ಎನ್ನುವುದು ಕಷ್ಟ. ಆದರೆ ಕಟ್ಟಿದರೆ ಕೆಡುಕೇನಿಲ್ಲ. ಹಾರುವ ಹುಳುವಿನ ಮೇಲೆ ಡಬ್ಬಿಯ ಸ್ಪ್ರೇ ಹೊಡೆಯುವುದು ಹಾಗಲ್ಲ: ಹೇಗೂ ಬೆಳಿಗ್ಗೆಗೆ ಸಾಯುವುದನ್ನು ಈಗಲೇ ಸಾಯಿಸಿ, ಔಷಧಿಯನ್ನು ಮಗು ಅಂಬೆಗಾಲಿಡುವ ನೆಲಕ್ಕೆ ಇಳಿಸಿದಂತಾಗುತ್ತದೆ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಇನ್ನೂ ಎಚ್ಚರ ಬೇಕು. ಈ ಡಬ್ಬಿಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು ಮೀನಿಗೆ ಬಲು ಘೋರ.

ಗೆದ್ದಲಿಗೆ ಹೆದರಲೇಬಾರದು ಎಂದೇನೂ ಇಲ್ಲ. ಹೆದರಬೇಕಾದ ಸೂಚನೆಗಳು ಬೇರೆ. ಈಸಲು ಹೊರಗಿನಿಂದ ಹಾರಿ ಬಂದಿದ್ದರೆ ಗುಡಿಸಿ ಹಾಕಿ. ಬಾಗಿಲವಾಡದ ಬುಡದಿಂದಲೋ ಸ್ಕರ್ಟಿಂಗ್ ಸಂದಿಯಿಂದಲೋ ಒಳಗಿನಿಂದಲೇ ಎದ್ದಿದ್ದರೆ, ಆ ನೆಲದಡಿ ಹಲವು ವರ್ಷಗಳಿಂದ ಒಂದು ಸಂಸಾರ ನಡೆಯುತ್ತಿದೆ ಎಂದೇ ಅರ್ಥ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಹತ್ತಿದ್ದರೆ, ಚೌಕಟ್ಟನ್ನು ಬೆರಳಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ, ಆಗ ತಿಳಿದವರನ್ನು ಕರೆಸಬೇಕು. ಆ ಮಣ್ಣಿನ ಗೆರೆಯನ್ನು ಒರೆಸಿ ಸುಣ್ಣ ಬಳಿದುಬಿಟ್ಟರೆ ಗೋಡೆ ಚೆಂದ ಕಾಣುತ್ತದೆ, ಅಷ್ಟೇ. ಗೆದ್ದಲು ಇನ್ನೊಂದು ದಾರಿ ಹಿಡಿಯುತ್ತದೆ. ನೆಲದ ಗೆದ್ದಲಿಗೆ ಮಣ್ಣಿನ ನಂಟು ಮತ್ತು ತೇವ ಎರಡೂ ಬೇಕು. ಸ್ನಾನದ ಮನೆಯ ಗೋಡೆಯೊಳಗೆ ಸೋರುವ ಪೈಪು, ಗೋಡೆಗೊರಗಿಸಿಟ್ಟ ಹಳೆಯ ಹಲಗೆ, ನೆಲದ ಮೇಲೆ ವರ್ಷಗಟ್ಟಲೆ ಬಿಚ್ಚದೆ ಬಿದ್ದ ರಟ್ಟಿನ ಪೆಟ್ಟಿಗೆ, ಇವು ಮೂರೂ ಅದಕ್ಕೆ ಕೊಟ್ಟ ಆಹ್ವಾನಪತ್ರಿಕೆಗಳು. ತೇಗ, ಹಲಸಿನ ತಿರುಳಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಅಗ್ಗದ ಪ್ಲೈವುಡ್‌ಗೆ ಆ ರಕ್ಷಣೆ ಇಲ್ಲ.

ಮನೆ ಕಟ್ಟುವಾಗಲೇ ಅಡಿಪಾಯದ ಮಣ್ಣಿಗೆ ಗೆದ್ದಲು ನಿರೋಧಕ ಹಾಕಿಸುವುದು ಎಲ್ಲಕ್ಕಿಂತ ಅಗ್ಗ. ಅದಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕವೇ ಇದೆ. ಎರಡನೇ ಭಾಗ ಹೊಸದಾಗಿ ಕಟ್ಟುವ ಮನೆಗೆ, ಮೂರನೇ ಭಾಗ ಕಟ್ಟಿ ಮುಗಿದ ಮನೆಗೆ. ಹಿಂದಿನ ತಲೆಮಾರು ಬಳಸಿದ್ದು ಆಲ್ಡ್ರಿನ್‌ನಂಥ ವಿಷಗಳನ್ನು. ಅವು ಮಣ್ಣಿನಲ್ಲಿ ವರ್ಷಾನುಗಟ್ಟಲೆ ಕರಗದೆ ಕೂರುತ್ತಿದ್ದವು. ಗೆದ್ದಲು ಬರದಿದ್ದುದಕ್ಕೆ ಕಾರಣವೂ ಅದೇ, ಕಡೆಗೆ ನಿಷೇಧವಾದದ್ದಕ್ಕೆ ಕಾರಣವೂ ಅದೇ. ಭಾರತದಲ್ಲಿ ಆಲ್ಡ್ರಿನ್‌ಗೆ 1996ರಲ್ಲಿ, ಮನೆ ಮೂಲೆಯಲ್ಲೆಲ್ಲ ಚೆಲ್ಲುತ್ತಿದ್ದ ಬಿಎಚ್‌ಸಿ ಪುಡಿಗೆ 1997ರಲ್ಲಿ ತೆರೆಬಿತ್ತು. ಅವುಗಳ ಜಾಗಕ್ಕೆ ಬಂದ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ ಕೆಲವು ವಿನಾಯಿತಿಗಳೊಂದಿಗೆ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿ ಸೇರಿದೆ. ಅಟ್ಟದ ಮೇಲೆ ಅಜ್ಜನ ಕಾಲದ ಹಳೆಯ ಪುಡಿಯ ಡಬ್ಬ ಈಗಲೂ ಇರುವ ಮನೆಗಳಿವೆ. ‘ಆಗಿನ ಔಷಧಿ ಭಾರಿ ಖಡಕ್ಕಾಗಿತ್ತು’ ಎಂದು ಅದನ್ನು ಹೆಮ್ಮೆಯಿಂದ ತೆಗೆದು ತೋರಿಸುವವರೂ ಇದ್ದಾರೆ. ಖಡಕ್ಕಾಗಿತ್ತು, ನಿಜ.

ಭರಣಿಗೂ ಸ್ವಲ್ಪ ಮೊದಲು, ಏಪ್ರಿಲ್‌ನ ಬೇಸಿಗೆ ಮಳೆಗೆ, ಕಾಸರಗೋಡಿನಿಂದ ದಕ್ಷಿಣಕ್ಕೆ ಕೇರಳದುದ್ದಕ್ಕೂ ರಬ್ಬರ್ ತೋಟದ ಪಕ್ಕದ ಮನೆಗಳಲ್ಲಿ ನಡೆಯುವುದರ ಮುಂದೆ ಬೆಂಗಳೂರಿನ ಈಸಲು ಏನೂ ಅಲ್ಲ. ಅಲ್ಲಿಗೆ ಬರುವುದು ಕಪ್ಪು ಬಣ್ಣದ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಜೀರುಂಡೆ ಜಾತಿಯ ಹುಳು. ಮಲಯಾಳಂನಲ್ಲಿ ಮುಪ್ಲಿ ವಂಡು, ವಿಜ್ಞಾನದ ಹೆಸರು ಲುಪ್ರಾಪ್ಸ್ ಟ್ರಿಸ್ಟಿಸ್. ಕೋಝಿಕ್ಕೋಡಿನ ದೇವಗಿರಿ ಸೇಂಟ್ ಜೋಸೆಫ್ ಕಾಲೇಜಿನ ಸಾಬು ಕೆ. ಥಾಮಸ್ ಮತ್ತು ಅವರ ವಿದ್ಯಾರ್ಥಿಗಳು ಇದರ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದರು. 2008ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಓದಿದರೆ ಮೈ ಜುಮ್ಮೆನ್ನುತ್ತದೆ: ಒಂದೊಂದು ಮನೆಯಲ್ಲಿ 5 ಲಕ್ಷದಿಂದ 40 ಲಕ್ಷಕ್ಕೂ ಮಿಕ್ಕಿ ಹುಳು.

ಈ ಹುಳುವಿನ ಪಂಚಾಂಗ ರಬ್ಬರ್ ಮರದ ಪಂಚಾಂಗ. ಡಿಸೆಂಬರ್ ಹೊತ್ತಿಗೆ ರಬ್ಬರ್ ಎಲೆ ಉದುರಲು ಶುರುವಾಗುತ್ತದೆ. ಆಗ ಹುಳು ತೋಟ ಸೇರುತ್ತದೆ. ತರಗೆಲೆಯ ರಾಶಿಯ ಕೆಳಗೆ ಮೊಟ್ಟೆಯಿಟ್ಟು ಸಂಸಾರ ಬೆಳೆಸುತ್ತದೆ. ಅದಕ್ಕೆ ಬಹಳ ಪ್ರಿಯವಾದದ್ದು ಹೊಸ ಚಿಗುರು ಬಂದಾಗ ಅಕಾಲದಲ್ಲಿ ಉದುರುವ ಎಳೆಯ ಎಲೆ. ಮೈಲಿಗಟ್ಟಲೆ ಒಂದೇ ಜಾತಿಯ ಮರ, ಎಲ್ಲವೂ ಒಟ್ಟಿಗೆ ಎಲೆ ಉದುರಿಸಿ ಒಟ್ಟಿಗೆ ಚಿಗುರುತ್ತವೆ. ಹುಳುವಿಗೆ ಇದಕ್ಕಿಂತ ಸುಭಿಕ್ಷ ಬೇರಿಲ್ಲ. ಏಪ್ರಿಲ್‌ನಲ್ಲಿ ಮೊದಲ ಮಳೆ ತರಗೆಲೆಯನ್ನು ತೋಯಿಸುತ್ತದೆ. ಅಷ್ಟೇ ಸಾಕು. ಆ ಸಂಜೆಯೇ ತೋಟದ ಹುಳುವೆಲ್ಲ ಎದ್ದು ಬೆಳಕಿರುವ ಒಣ ಜಾಗ ಹುಡುಕಿ ಹೊರಡುತ್ತದೆ. ಹೆಂಚಿನ ಮಾಡು, ಅಟ್ಟ, ಪಕ್ಕಾಸಿನ ಸಂದು, ಗೋಡೆಯ ಮೂಲೆ ಎಲ್ಲೆಡೆ ಒಂದರ ಮೇಲೊಂದು ಹೆಪ್ಪುಗಟ್ಟಿ ಕೂತುಬಿಡುತ್ತದೆ. ಅಲ್ಲಿಂದ ಮುಂದೆ ಎಂಟೊಂಬತ್ತು ತಿಂಗಳು ಅದಕ್ಕೆ ಸುಪ್ತಾವಸ್ಥೆ. ಏನನ್ನೂ ತಿನ್ನುವುದಿಲ್ಲ, ಮೊಟ್ಟೆಯಿಡುವುದಿಲ್ಲ, ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಬದುಕುತ್ತದೆ. ಅಕ್ಕಿಗೆ, ಬಟ್ಟೆಗೆ, ಮರಕ್ಕೆ ಯಾವ ಹಾನಿಯೂ ಇಲ್ಲ.

ಹಾಗಾದರೆ ತೊಂದರೆ ಏನು? ತೊಂದರೆ ಅದರ ಇರುವಿಕೆಯೇ. ರಾತ್ರಿ ದೀಪ ಹಚ್ಚಿದರೆ ಮಾಡಿನಿಂದ ಉದುರುತ್ತದೆ: ಅನ್ನದ ತಟ್ಟೆಗೆ, ತೊಟ್ಟಿಲಿಗೆ, ಕಿವಿಗೆ. ಅದುಮಿದರೆ ಫೀನಾಲ್, ಕ್ವಿನೋನ್ ತುಂಬಿದ ದ್ರವ ಬಿಡುತ್ತದೆ. ಕೆಟ್ಟ ವಾಸನೆ, ತಾಗಿದಲ್ಲಿ ಚರ್ಮ ಸುಟ್ಟಂತೆ. ಅದೇ ದ್ರವದ ದೆಸೆಯಿಂದ ಹಲ್ಲಿ–ಕಾಗೆಗಳೂ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಈಸಲನ್ನು ಮುಗಿಸಲು ಇಡೀ ಊರಿನ ಹಕ್ಕಿಗಳು ಬಂದರೆ ಇದಕ್ಕೆ ಯಾರೂ ಇಲ್ಲ. ಜನ ಸೀಮೆಎಣ್ಣೆ ಚಿಮುಕಿಸುತ್ತಾರೆ, ಗುಡಿಸಿ ಸುಡುತ್ತಾರೆ; ಮರದ ಪಕ್ಕಾಸಿನ ಮನೆಯಲ್ಲಿ ಸೀಮೆಎಣ್ಣೆಯ ಸಾಹಸ ಹುಳುವಿಗಿಂತ ಅಪಾಯ. ವಿಷ ಹೊಡೆದರೆ ಇಂದು ಲಕ್ಷ ಸತ್ತು ನಾಳೆ ಲಕ್ಷ ಬರುತ್ತದೆ.

ಈ ಸೀಮೆಗೂ ನಮಗೂ ನಡುವೆ ದೊಡ್ಡ ಗೋಡೆಯೇನಿಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಬದುಕು ಕಟ್ಟಿಕೊಡಲು ಸುಳ್ಯ, ಪುತ್ತೂರು ಭಾಗದಲ್ಲಿ ಸರ್ಕಾರವೇ ರಬ್ಬರ್ ಹಬ್ಬಿಸಿತು. ಆಮೇಲೆ ದರ ಏರಿದಾಗಲೆಲ್ಲ ಗುಡ್ಡ ಸವರಿ ರಬ್ಬರ್ ಇಟ್ಟ ಕೃಷಿಕರು ಬಹಳ. ತೋಟದ ಅಂಚಿಗೆ ಮನೆ ಕಟ್ಟುವವರು ಅಡಿಕೆಗೆ ಕೊಳೆರೋಗ ಯಾವಾಗ ಬರುತ್ತದೆ ಎಂದು ವಿಚಾರಿಸುವ ಹಾಗೆ ಇದನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕೈಯಲ್ಲಿರುವ ಉಪಾಯಗಳೆಲ್ಲ ಮಳೆಗೆ ಮುಂಚಿನವು. ಮನೆಗೆ ತಾಗಿದ ತೋಟದ ಅಂಚಿನಲ್ಲಿ ತರಗೆಲೆ ರಾಶಿ ಬೀಳದಂತೆ ನೋಡಿಕೊಳ್ಳುವುದು. ಇಡೀ ತೋಟದ ತರಗೆಲೆ ಗುಡಿಸಿದರೆ ಮಣ್ಣಿನ ಸಾರವೇ ಹೋಗುತ್ತದೆ, ಅದನ್ನು ಯಾವ ಕೃಷಿಕನೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಬೇಸಿಗೆ ಮಳೆಯ ಮೊದಲ ಸಂಜೆಗಳಲ್ಲಿ ಮುಸ್ಸಂಜೆಗೇ ಮನೆಯ ದೀಪ ಆರಿಸಿ, ತೋಟದ ಕಡೆಗೆ ದೂರದಲ್ಲೊಂದು ದೀಪ ಹಚ್ಚಿ ಕೆಳಗೆ ಸಾಬೂನು ನೀರಿಡುವುದು. ಮಾಡಿನ ಸಂದುಗಳನ್ನು ಮಾರ್ಚ್‌ನೊಳಗೆ ಮುಚ್ಚುವುದು. ಇಷ್ಟು ಮಾಡಿಯೂ ಒಂದಷ್ಟು ಬಂದೇ ಬರುತ್ತವೆ. ಡಿಸೆಂಬರ್‌ನಲ್ಲಿ ರಬ್ಬರ್ ಎಲೆ ಬೀಳುತ್ತಿದ್ದಂತೆ ಹೇಳದೆ ಕೇಳದೆ ಹೊರಟುಹೋಗುತ್ತವೆ.

ರೋಹಿಣಿ, ಮೃಗಶಿರಾ ಮಳೆಯ ಕಾಲಕ್ಕೆ ಮಾವು–ಹಲಸಿನ ಹಣ್ಣಿನ ಜೊತೆ ನೊಣ. ಇದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸಿಪ್ಪೆ, ರಚ್ಚೆ, ಬೇಳೆ ಎಲ್ಲ ಅಂದಿನದು ಅಂದೇ ಮನೆಯಿಂದ ದೂರ ಹೋದರೆ ನೊಣವೂ ದೂರ. ಇರುವೆಗೂ ಇದು ಗುಳೆ ಏಳುವ ಕಾಲ; ನೆಲದ ಗೂಡಿಗೆ ನೀರು ನುಗ್ಗಿದಾಗ ಮೊಟ್ಟೆ ಹೊತ್ತುಕೊಂಡು ಒಣ ಗೋಡೆ ಹುಡುಕಿ ಬರುತ್ತವೆ. ಸಾಲನ್ನು ಸಾಬೂನು ನೀರಿನಲ್ಲಿ ಒರೆಸಿದರೆ ವಾಸನೆಯ ದಾರಿ ಅಳಿಸಿ ಗಲಿಬಿಲಿಗೊಳ್ಳುತ್ತವೆ. ಅಡುಗೆಮನೆಯ ಸಣ್ಣ ಕಂದು ಇರುವೆಗೆ, ಅಂದರೆ ಫೇರೋ ಇರುವೆಗೆ, ಸ್ಪ್ರೇ ಹೊಡೆಯುವುದು ಮಾತ್ರ ಶುದ್ಧ ನಷ್ಟದ ವ್ಯವಹಾರ. ಪೆಟ್ಟು ಬಿದ್ದೊಡನೆ ಒಂದು ಗೂಡು ಹಲವು ಗೂಡುಗಳಾಗಿ ಒಡೆದು ಬೇರೆ ಬೇರೆ ಗೋಡೆ ಸೇರುತ್ತದೆ. ಸಕ್ಕರೆ ನೀರಿಗೆ ಚೂರು ಬೋರಿಕ್ ಪುಡಿ ಬೆರೆಸಿ ಮಕ್ಕಳ ಕೈಗೆ ಎಟುಕದ ಕಡೆ ಇಟ್ಟರೆ ತಾವೇ ಹೊತ್ತೊಯ್ದು ರಾಣಿಗೆ ಉಣಿಸುತ್ತವೆ. ನಿಧಾನ, ಆದರೆ ಆಗುವ ಕೆಲಸ.

ಮಖೆ, ಹುಬ್ಬೆ, ಉತ್ತರೆ ಮಳೆಗಳ ಹೊತ್ತಿಗೆ ಗದ್ದೆ ಹಸಿರಾಗಿರುತ್ತದೆ. ನೀರಾವರಿ ಊರುಗಳ ಹಾಸ್ಟೆಲುಗಳಲ್ಲಿ, ಮನೆಗಳಲ್ಲಿ ಇನ್ನೊಂದು ಬಗೆಯ ಹುಣ್ಣು ಕಾಣಿಸಿಕೊಳ್ಳುತ್ತದೆ. ಮಲಗುವಾಗ ಏನೂ ಇರಲಿಲ್ಲ, ಒಂದೆರಡು ದಿನದಲ್ಲಿ ಕುತ್ತಿಗೆಯ ಮೇಲೋ ಕೆನ್ನೆಯ ಮೇಲೋ ಕಾದ ಕಡ್ಡಿ ಎಳೆದಂತೆ ಉದ್ದನೆಯ ಕೆಂಪು ಬರೆ, ಉರಿ, ಚಿಕ್ಕ ಚಿಕ್ಕ ಗುಳ್ಳೆ. ‘ಹುಳ ಉಚ್ಚೆ ಹೊಯ್ದಿದೆ’ ಎನ್ನುತ್ತಾರೆ ಕೆಲವರು. ‘ಸರ್ಪಸುತ್ತು’ ಎಂದು ಹೆದರಿಸಿ ಮಂತ್ರ ಹಾಕಿಸಲು ಕರೆದೊಯ್ಯುವವರೂ ಇದ್ದಾರೆ. ಬಹುಪಾಲು ಸಲ ಕಾರಣ ಕಿತ್ತಳೆ–ಕಪ್ಪು ಪಟ್ಟೆಯ, ಇರುವೆಯಂತೆ ಕಾಣುವ ಪೆಡೆರಸ್ ಎಂಬ ಚಿಕ್ಕ ಹುಳು. ಇದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಇದರ ಮೈಯಲ್ಲಿ ಪೆಡೆರಿನ್ ಎಂಬ ವಿಷವಿದೆ. ಆ ವಿಷವನ್ನೂ ಹುಳು ತಾನೇ ತಯಾರಿಸುವುದಿಲ್ಲ, ಅದರೊಳಗಿನ ಬ್ಯಾಕ್ಟೀರಿಯಾ ತಯಾರಿಸಿಕೊಡುತ್ತದೆ. ನಿದ್ದೆಗಣ್ಣಿನಲ್ಲಿ ಹುಳುವನ್ನು ತಿಕ್ಕಿ ಅರೆದಾಗ ಆ ವಿಷ ಚರ್ಮಕ್ಕಿಳಿಯುತ್ತದೆ. ಮಡಚಿದ ಮೊಣಕೈ ಸಂದಿಯಲ್ಲಿ ತಾಗಿದರೆ ಎರಡೂ ಕಡೆ ಒಂದೇ ಅಚ್ಚಿನ ಗಾಯ ಮೂಡುತ್ತದೆ. ಕೈ ತೊಳೆಯದೆ ಕಣ್ಣುಜ್ಜಿದರೆ ಕಣ್ಣು ಊದುತ್ತದೆ. 2022ರ ಜುಲೈನಲ್ಲಿ ಸಿಕ್ಕಿಂನ ಒಂದು ಎಂಜಿನಿಯರಿಂಗ್ ಕಾಲೇಜಿನ ಸುಮಾರು 100 ವಿದ್ಯಾರ್ಥಿಗಳಿಗೆ ಇದೇ ಹುಳುವಿನಿಂದ ಸುಟ್ಟ ಗಾಯಗಳಾಗಿ ದೇಶದ ಪತ್ರಿಕೆಗಳೆಲ್ಲ ‘ನೈರೋಬಿ ನೊಣ’ ಎಂದು ಬರೆದವು. ಅದು ನೊಣವೂ ಅಲ್ಲ, ನೈರೋಬಿಯಿಂದ ವಿಮಾನ ಹತ್ತಿ ಬಂದದ್ದೂ ಅಲ್ಲ. ಇದರ ಜಾತಿಗಳು ನಮ್ಮ ಗದ್ದೆಗಳಲ್ಲಿ ಮೊದಲಿನಿಂದಲೂ ಇವೆ. ಬತ್ತದ ಜಿಗಿಹುಳುಗಳನ್ನು ಹಿಡಿದು ತಿನ್ನುವುದರಿಂದ ರೈತನಿಗೆ ನೆಂಟನೇ.

ಮೈಮೇಲೆ ಕೂತರೆ ಹೊಡೆಯಬೇಡಿ, ಊದಿ ಹಾರಿಸಿ, ಇಲ್ಲವೇ ಒಂದು ಕಾಗದಕ್ಕೆ ಹತ್ತಿಸಿ ಆಚೆ ಹಾಕಿ. ಅರೆದುಹೋಗಿದ್ದರೆ ಕೂಡಲೇ ಸಾಬೂನು ಹಾಕಿ ಚೆನ್ನಾಗಿ ತೊಳೆಯಿರಿ. ಗಾಯ ಒಂದೆರಡು ವಾರದಲ್ಲಿ ಮಾಯುತ್ತದೆ. ಕಣ್ಣಿನ ಬಳಿ ಆದರೆ ವೈದ್ಯರಿಗೆ ತೋರಿಸಲೇಬೇಕು. ಹಾಸಿಗೆಯ ನೇರಕ್ಕೆ ದೀಪ ಹಚ್ಚಿಟ್ಟು, ಕಿಟಕಿ ತೆರೆದು, ಮೊಬೈಲ್ ನೋಡುತ್ತ ಮಲಗುವ ಹುಡುಗರಿಗೆ ಸೊಳ್ಳೆಪರದೆ ಕಟ್ಟಿಕೊಳ್ಳಿ ಎಂದರೆ ನಗುತ್ತಾರೆ. ಗಾಯವಾದ ಮೇಲೆ ಕಟ್ಟಿಕೊಳ್ಳುತ್ತಾರೆ.

ಮಳೆಗಾಲದ ಹುಳುಗಳಲ್ಲಿ ಹೊರಗಿನಿಂದ ನುಗ್ಗದೆ ನಾವೇ ಹಣ ಕೊಟ್ಟು ತರುವವೂ ಇವೆ. ಅಕ್ಕಿಯ ಮೂತಿಹುಳು ಕಾಳಿನಲ್ಲಿ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತನ್ನು ಮುಚ್ಚಿಬಿಡುತ್ತದೆ. ಅಂಗಡಿಯಲ್ಲಿ ಆರಿಸಿ ನೋಡಿದರೂ ಕಾಣುವುದಿಲ್ಲ. ಗಾಳಿಯ ತೇವ ಏರಿದಾಗ, ತಿಂಗಳೊಂದು ಕಳೆದ ಮೇಲೆ, ಡಬ್ಬ ತೆರೆದರೆ ಹುಳು ಓಡಾಡುತ್ತಿರುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ವರ್ಷದ ಕಾಳು ಒಣಗಿಸುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೇಳೆಗೆ ಹರಳೆಣ್ಣೆ ಸವರುವುದು ಇವೆಲ್ಲ ಸುಮ್ಮನೆ ಬಂದ ರೂಢಿಗಳಲ್ಲ. ಬೇಳೆಕಾಳಿನ ಹುಳು ಕಾಳಿನ ಮೈಗೆ ಅಂಟಿಸುವ ಮೊಟ್ಟೆಗೆ ಎಣ್ಣೆ ನಿಜಕ್ಕೂ ಉಸಿರುಕಟ್ಟಿಸುತ್ತದೆ. ರಾಗಿಗೆ ಮಾತ್ರ ಈ ಉಪಚಾರ ಬೇಕಿಲ್ಲ. ಆ ಕಾಳಿನೊಳಗೆ ಮರಿಹುಳು ಬೆಳೆಯುವಷ್ಟು ಜಾಗವೇ ಇಲ್ಲ. ಹಳೆ ಮೈಸೂರು ಸೀಮೆಯಲ್ಲಿ ಹಗೇವಿನೊಳಗೆ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ. ಫ್ಲ್ಯಾಟಿನಲ್ಲಿ ಬಿಸಿಲು ಬೀಳುವ ಮಹಡಿ ಇಲ್ಲದವರು ಸ್ವಲ್ಪ ಸ್ವಲ್ಪವೇ ತರಲಿ, ತಂದದ್ದನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು ತೆಗೆಯಲಿ.

ಇಲ್ಲಿ ಒಂದು ಮಾತನ್ನು ಜೋರಾಗಿಯೇ ಹೇಳಬೇಕು. ಗೋದಾಮಿನಲ್ಲಿ ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ‘ಒಂದೇ ಒಂದು’ ಎಂದು ತಂದು ಮನೆಯ ಅಕ್ಕಿಮೂಟೆಗೆ, ತಿಗಣೆ ಇರುವ ಮಂಚದಡಿಗೆ ಇಡುವವರಿದ್ದಾರೆ. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದ ಮಕ್ಕಳು ಬೆಳಿಗ್ಗೆ ಏಳದೇ ಹೋದ ಸುದ್ದಿಗಳು ದೇಶದ ನಾನಾ ಕಡೆಯಿಂದ ಬಂದಿವೆ. ಅದಕ್ಕೆ ಮದ್ದಿಲ್ಲ. ಕಾನೂನಿನ ಪ್ರಕಾರ ಅದು ಪರಿಣತರ ಉಸ್ತುವಾರಿಯಲ್ಲಿ ಮಾತ್ರ ಬಳಸುವ ವಸ್ತು. ಮನೆಯೊಳಗೆ ಅದಕ್ಕೆ ಜಾಗವಿಲ್ಲ.

ಸ್ವಾತಿ ಮಳೆ, ದೀಪಾವಳಿ. ಮಂಡ್ಯದ ವಿಶ್ವೇಶ್ವರಯ್ಯ ನಾಲೆ, ಭದ್ರಾ, ತುಂಗಭದ್ರಾ ಅಚ್ಚುಕಟ್ಟಿನ ಊರುಗಳಲ್ಲಿ ಬತ್ತ ಬಲಿಯುವ ಹೊತ್ತಿಗೆ ಹಸಿರು ಜಿಗಿಹುಳುಗಳ ಹಿಂಡು ಬೀದಿದೀಪಗಳಿಗೆ ಇಳಿಯುತ್ತದೆ. ಸಂಜೆ ಬೈಕಿನಲ್ಲಿ ಹೋಗುವವರ ಕಣ್ಣಿಗೆ, ಬಾಯಿಗೆ, ಬೋಂಡದ ಗಾಡಿಯ ಬಾಣಲೆಗೆ. ಬೆಳೆಯ ರಸ ಹೀರಿ ರೋಗ ಹರಡುವ ಈ ಹುಳು ಮನುಷ್ಯನಿಗೆ ಮಾಡುವುದು ಕಿರಿಕಿರಿಯಷ್ಟೇ. ದೀಪಾವಳಿಯ ಹಣತೆಗಳು ಇವುಗಳನ್ನು ಸುಟ್ಟು ಬೆಳೆ ಉಳಿಸುತ್ತವೆ, ಹಬ್ಬ ಹುಟ್ಟಿದ್ದೇ ಅದಕ್ಕಾಗಿ ಎಂದು ಪ್ರತಿವರ್ಷ ಯಾರಾದರೂ ಬರೆಯುತ್ತಾರೆ. ಹಬ್ಬಕ್ಕೆ ಇಂಥ ವಕಾಲತ್ತು ಬೇಕಿಲ್ಲ ಎಂಬುದು ನನ್ನ ಎಣಿಕೆ; ಗದ್ದೆಯ ಕೋಟಿಗಟ್ಟಲೆ ಹುಳುವಿನಲ್ಲಿ ಹಣತೆಗೆ ಬೀಳುವುದು ಲೆಕ್ಕಕ್ಕಿಲ್ಲ. ಎರಡು ವಾರ ಮುಸ್ಸಂಜೆಯ ಒಂದೆರಡು ಗಂಟೆ ಬೀದಿಯ ಕಡೆಯ ಕಿಟಕಿ ಮುಚ್ಚಿ, ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಅಡುಗೆಯನ್ನು ಬೆಳಕಿರುವಾಗಲೇ ಮುಗಿಸಿದರೆ ಇದರ ಕಾಟ ಬಹಳಮಟ್ಟಿಗೆ ಮುಗಿಯಿತು. ಮನೆ ಮುಂದಿನ ಬಿಳಿ ಬೀದಿದೀಪ ಪುರಸಭೆಯದು. ಅದನ್ನು ಹಳದಿ ಮಾಡಿಸಲು ಅರ್ಜಿ ಬರೆದುಕೊಡಬಹುದು.

ಇಷ್ಟಾದ ಮೇಲೂ ಔಷಧಿ ಹೊಡೆಸಲೇಬೇಕಾದ ಸಂದರ್ಭ ಬರಬಹುದು: ನೆಲದೊಳಗಿನ ಗೆದ್ದಲಿಗೆ, ಹಾಸಿಗೆ ಸೇರಿದ ತಿಗಣೆಗೆ. 1968ರ ಕೀಟನಾಶಕ ಕಾಯ್ದೆಯಡಿ ಈ ಕೆಲಸ ಮಾಡುವ ಸಂಸ್ಥೆಗೆ ಪರವಾನಗಿ ಇರಬೇಕು. ಡಬ್ಬಿಯ ಮೇಲೆ ಔಷಧಿಯ ಹೆಸರೂ ವಿಷದ ಮಟ್ಟ ತೋರಿಸುವ ಬಣ್ಣದ ಗುರುತೂ ಇರಲೇಬೇಕು. ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಬಂದವರನ್ನು ಕೂರಿಸಿ ಮೂರು ಪ್ರಶ್ನೆ ಕೇಳಿ. ಯಾವ ಔಷಧಿ? ಎಲ್ಲೆಲ್ಲಿ ಹಾಕುತ್ತೀರಿ? ಎಷ್ಟು ಹೊತ್ತು ನಾವು ಹೊರಗಿರಬೇಕು? ಡಬ್ಬಿ ತೆಗೆದು ತೋರಿಸಿ, ಇಂಥ ಜಾಗಕ್ಕೆ ಇಷ್ಟು, ಇಂಥ ಜಾಗಕ್ಕೆ ಬೇಡ ಎಂದು ವಿವರಿಸುವವನಾದರೆ ಕೆಲಸ ಒಪ್ಪಿಸಿ. ‘ಹರ್ಬಲ್ ಸಾರ್, ಸ್ಮೆಲ್ಲೇ ಬರಲ್ಲ, ಮಗು ನೆಕ್ಕಿದ್ರೂ ಏನಾಗಲ್ಲ, ವರ್ಷಕ್ಕೆ ಕಾಂಟ್ರ್ಯಾಕ್ಟ್ ಮಾಡ್ಕೊಳ್ಳಿ’ ಎನ್ನುವವನಾದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ.